ಶಾಲೆ ಗೋಡೆಗೆ ತೋಳದ ಕುಟುಂಬ: ಹಿಮದಲ್ಲಿ ಬಿಡಿಸಬೇಕಾ, ನಮ್ಮ ಕುರುಚಲು ಕಾಡಿನಲ್ಲಾ?

ಗೆರೆಬಣ್ಣ
ಎಲ್ಲರಿಗೂ ನಮಸ್ಕಾರ. ಕೊಪ್ಪಳ ಜಿಲ್ಲೆಯ ಒಂದು ಹಳ್ಳಿ ಶಾಲೆಗೆ ಗೋಡೆ ಚಿತ್ರ ಬರೆಯುವ ಕೆಲಸ ಒಪ್ಪಿಕೊಂಡಿದ್ದೇನೆ. ಗೋಡೆ ಇಪ್ಪತ್ತು ಅಡಿ ಅಗಲ, ಎಂಟು ಅಡಿ ಎತ್ತರ. ಅವರು ಕೇಳಿದ್ದು ಕಾಡಿನಲ್ಲಿ ತೋಳದ ಕುಟುಂಬ. ಗಂಗಾವತಿ ತಾಲ್ಲೂಕಿನಲ್ಲಿ ಬಂಕಾಪುರ ತೋಳಧಾಮ ಆದಮೇಲೆ ಈ ಕಡೆ ತೋಳದ ಮಾತು ಜಾಸ್ತಿ ಆಗಿದೆ, ಅದಕ್ಕೇ ಈ ವಿಷಯ.

ಸಮಸ್ಯೆ ಏನೆಂದರೆ, ಅವರು ಫೋನಿನಲ್ಲಿ ತೋರಿಸಿದ ಮಾದರಿಯಲ್ಲಿ ಹಿಮ ಇದೆ, ಪೈನ್ ಮರ ಇದೆ, ತಟ್ಟೆಯಷ್ಟು ದೊಡ್ಡ ಚಂದ್ರ ಇದ್ದಾನೆ. ತೋಳಗಳಿಗೆ ಕಂಬಳಿ ಹೊದ್ದಷ್ಟು ಕೂದಲು. ಅದು ಉತ್ತರ ಅಮೆರಿಕದ ತೋಳ. ನಮ್ಮ ತೋಳವನ್ನೇ, ನಮ್ಮ ಕಲ್ಲುಗುಡ್ಡದಲ್ಲೇ ಬಿಡಿಸುತ್ತೇನೆ ಎಂದೆ. "ನಮ್ಮ ತೋಳ ಬಡಕಲು ನಾಯಿ ಥರ ಇರುತ್ತೆ, ಗೋಡೆ ಮೇಲೆ ಎದ್ದು ಕಾಣಲ್ಲ" ಎಂದರು.

ನಾನು ಪಟ್ಟು ಹಿಡಿಯಬೇಕಾ? ಹಿಡಿದರೆ, ನೋಡಿದ ಕೂಡಲೇ ನಾಯಿ ಅಲ್ಲ ಎಂದು ತಿಳಿಯುವ ಹಾಗೆ ಬಿಡಿಸುವುದು ಹೇಗೆ? ತೋಳ ಹತ್ತಿರದಿಂದ ನೋಡಿದವರು, ಪ್ರಾಣಿ ಚಿತ್ರ ಬಿಡಿಸುವವರು ದಯವಿಟ್ಟು ಹೇಳಿ.

ಮಲ್ಲಿಗೆಮೊಗ್ಗು
ಪಟ್ಟು ಹಿಡೀರಿ. ಮಕ್ಕಳು ಹಿಮವನ್ನೇ ನೋಡಿಲ್ಲ.

ಹೊಸಪೇಟೆ_ಹೈದ
ದುಡ್ಡು ಕೊಡುವವರು ಅವರು. ಅವರಿಗೆ ಬೇಕಾದ್ದು ಬಿಡಿಸಿ ಕೊಡುವುದು ಧರ್ಮ. ಚಂದ್ರನ ಚಿತ್ರ ಮಕ್ಕಳಿಗೂ ಇಷ್ಟ ಆಗುತ್ತೆ. ಇಷ್ಟಕ್ಕೆಲ್ಲಾ ಯಾಕೆ ಜಗಳ?

ಕುಂಚದಮ್ಮ
ಹೊಸಪೇಟೆಯವರೇ, ಒಪ್ಪುವುದಿಲ್ಲ. ಶಾಲೆ ಗೋಡೆ ಅಂದರೆ ಅದೂ ಒಂದು ಪಾಠ. ಐದು ಕಿಲೋಮೀಟರ್ ದೂರದಲ್ಲಿ ತೋಳ ಇರುವಾಗ ಬೇರೆ ಖಂಡದ ತೋಳ ತೋರಿಸಿದರೆ, ತಮ್ಮ ಊರಿನ ಪ್ರಾಣಿ ಚಿತ್ರಕ್ಕೆ ಲಾಯಕ್ಕಿಲ್ಲ ಎಂದು ಮಕ್ಕಳು ಅಂದುಕೊಳ್ಳುತ್ತಾರೆ.

ಗೆರೆಬಣ್ಣ ಅವರೇ, ನಾಯಿ ಥರ ಕಾಣುವುದು ತೋಳದ ತಪ್ಪಲ್ಲ, ಬಿಡಿಸುವವರ ಕೈಯದು. ನಾನು ಪ್ರಾಣಿ ಚಿತ್ರ ಕಲಿಸುತ್ತೇನೆ. ಹೆಚ್ಚಿನವರು ಮನೆ ನಾಯಿ ನೋಡಿ ದೇಹ ಬಿಡಿಸಿ, ಮೇಲೆ ಬೂದು ಬಣ್ಣ ಬಳಿಯುತ್ತಾರೆ. ತೋಳದ ಕಾಲು ಉದ್ದ. ಎದೆ ಕಿರಿದು, ಮುಂಗಾಲು ಎರಡೂ ಹತ್ತಿರ ಹತ್ತಿರ ಇರುತ್ತವೆ. ಪಾದ ದೊಡ್ಡದು. ಮೂತಿ ಉದ್ದ, ಹಣೆಯಿಂದ ಮೂಗಿಗೆ ಇಳಿಯುವ ಗೆರೆ ನಾಯಿಯಷ್ಟು ಕಡಿದಾಗಿಲ್ಲ. ಬಾಲ ಕೆಳಗೆ ನೇರ ಇಳಿದಿರಬೇಕು. ಬಾಲ ಮೇಲೆ ಸುರುಳಿ ಸುತ್ತಿದರೆ ಮುಗೀತು, ಬೀದಿ ನಾಯಿ ಆಗಿಬಿಡುತ್ತದೆ.

ಕಣ್ಣಿನ ಪಾಪೆ ದುಂಡಗೆ ಬಿಡಿಸಿ. ನರಿ ಜಾತಿಯ ಕೆಲವಕ್ಕೆ ಬೆಕ್ಕಿನ ಹಾಗೆ ಸೀಳುಪಾಪೆ ಇರುತ್ತದೆ, ಅದನ್ನು ತೋಳಕ್ಕೂ ಹಾಕುವವರಿದ್ದಾರೆ. ಕಣ್ಣಿನ ಬಣ್ಣ ಜೇನಿನ ಹಳದಿ. ಕಣ್ಣಿನ ಅಂಚು ಕಪ್ಪು. ಆ ಕಪ್ಪು ಅಂಚು ಸರಿ ಬಂದರೆ ಅರ್ಧ ತೋಳ ಬಂದ ಹಾಗೆ.

ಗೆರೆಬಣ್ಣ
ಕುಂಚದಮ್ಮ ಮೇಡಂ, ತುಂಬಾ ಉಪಕಾರ. ಮೈಬಣ್ಣಕ್ಕೆ ಏನು ಬೆರೆಸುತ್ತೀರಿ? ಬೂದು ಮಾಡಿದರೆ ಸಿಮೆಂಟಿನ ಹಾಗೆ ಸತ್ತು ಕಾಣುತ್ತಿದೆ.

ಕುಂಚದಮ್ಮ
ಕಪ್ಪು-ಬಿಳಿ ಬೆರೆಸಿದರೆ ಸಿಮೆಂಟೇ ಆಗುವುದು. ಕಪ್ಪು ಡಬ್ಬಿ ಪಕ್ಕಕ್ಕಿಡಿ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನಾ ಎಂಬ ಕೆಂಗಂದು ಬೆರೆಸಿ. ನೀಲಿ ಜಾಸ್ತಿ ಆದರೆ ನೆರಳಿನ ಬೂದು, ಸಿಯೆನಾ ಜಾಸ್ತಿ ಆದರೆ ಬಿಸಿಲಿನ ಬೂದು. ಬೆನ್ನ ಮೇಲೆ ಕಪ್ಪು ತುದಿಯ ಕೂದಲು, ಪಕ್ಕೆಗೆ ಮಣ್ಣಿನ ಬಣ್ಣ, ಕಾಲಿಗೆ ಯೆಲ್ಲೋ ಓಕರ್, ಕೆನ್ನೆ ಮತ್ತು ಕತ್ತಿನ ಕೆಳಗೆ ಮಾಸಿದ ಬಿಳಿ. ನಮ್ಮ ತೋಳಕ್ಕೆ ಒಳಗಿನ ಮೃದು ಕೂದಲು ತೀರಾ ಕಡಿಮೆ. ಹಾಗಾಗಿ ಒಂದೊಂದು ಕೂದಲು ಬಿಡಿಸಲು ಹೋಗಬೇಡಿ. ಮೈಯ ಮೂಳೆ, ಮಾಂಸದ ಏರಿಳಿತ ಕಾಣಬೇಕು. ಒಣ ಕುಂಚದಲ್ಲಿ ಕುತ್ತಿಗೆ ಮೇಲೆ, ಬೆನ್ನ ಮೇಲೆ ಮಾತ್ರ ಕೂದಲು ಎಳೆಯಿರಿ.

ಗುಡ್ಡದಗಾಳಿ
ಬಂಕಾಪುರ ಹಾವೇರಿ ಜಿಲ್ಲೆ ಅಲ್ವಾ? ಅಲ್ಲಿ ನವಿಲುಧಾಮ ಇರುವುದು. ತೋಳ ಎಲ್ಲಿಂದ ಬಂತು?

ಹುಲ್ಲುಗಾವಲು
ಅದು ಬೇರೆ. ಹಾವೇರಿ ಕಡೆಯದು ಶಿಗ್ಗಾವಿ ತಾಲ್ಲೂಕಿನ ಬಂಕಾಪುರ, ಕೋಟೆಯೊಳಗೆ ನವಿಲು. ಇದು ಗಂಗಾವತಿ ತಾಲ್ಲೂಕಿನ ಬಂಕಾಪುರ, ಸುಮಾರು 332 ಹೆಕ್ಟೇರ್. ಬಂಡೆ, ಸಹಜ ಗವಿ, ಕುರುಚಲು ಗಿಡ ಇರುವ ಜಾಗ. ತೋಳದ ಜೊತೆ ಕತ್ತೆಕಿರುಬ, ನರಿ, ಮುಳ್ಳುಹಂದಿ, ಮೊಲ, ನವಿಲು ಎಲ್ಲವೂ ಇವೆ. ದೇಶದಲ್ಲಿ ತೋಳಕ್ಕಾಗಿಯೇ ಮೊದಲು ಮಾಡಿದ್ದು ಜಾರ್ಖಂಡ್‌ನ ಮಹುವಾಡಾಂಡ್, 1976ರಲ್ಲಿ. ನಮ್ಮ ರಾಜ್ಯದ ಮೇಲುಕೋಟೆ ವನ್ಯಧಾಮವನ್ನು 1974ರಲ್ಲಿ ಘೋಷಿಸಿದಾಗಲೂ ಮನಸ್ಸಿನಲ್ಲಿದ್ದದ್ದು ತೋಳವೇ. ಇದು ಬಹಳ ಜನಕ್ಕೆ ಗೊತ್ತಿಲ್ಲ.

ಇನ್ನು ಚಿತ್ರದ ಮಾತು. ನನಗೆ ಬೇರೆಯೇ ಒಂದು ಸಂಕಟ ಇದೆ. "ಕಾಡು" ಎಂದ ಕೂಡಲೇ ನಾವೆಲ್ಲ ದಟ್ಟ ಹಸಿರು ಮರ ಬಿಡಿಸುತ್ತೇವೆ. ನಮ್ಮ ತೋಳ ಅಂಥ ಕಡೆ ಇರುವುದಿಲ್ಲ. ಅದಕ್ಕೆ ಬೇಕಾದ್ದು ಬಯಲು, ಹುಲ್ಲು, ಕುರುಚಲು. ದೂರದವರೆಗೆ ಕಾಣಬೇಕು, ಓಡಲು ಜಾಗ ಬೇಕು. ಇಂಥ ಜಾಗವನ್ನು ಸರ್ಕಾರಿ ದಾಖಲೆಯಲ್ಲಿ ಪಾಳುಭೂಮಿ ಎಂದು ಬರೆದು ಬರೆದು, ಒಂದೊಂದನ್ನೇ ಬೇರೆ ಕೆಲಸಕ್ಕೆ ಕೊಟ್ಟಾಯಿತು. ಮಕ್ಕಳು ದಿನಾ ನಡೆದು ಬರುವ ಆ ಬಯಲೇ ಒಂದು ಕಾಡು ಎಂದು ನಿಮ್ಮ ಗೋಡೆ ಹೇಳಲಿ. ದಿಗಂತವನ್ನು ಕೆಳಗಿಡಿ. ಮುಕ್ಕಾಲು ಭಾಗ ಆಕಾಶ ಬಿಡಿ. ಇಪ್ಪತ್ತು ಅಡಿ ಅಗಲದ ಗೋಡೆ ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಕಾವಲುಹಳ್ಳಿ
ಪಾಳುಭೂಮಿ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ನಮ್ಮ ಚಳ್ಳಕೆರೆ ಕಡೆ ಅಮೃತಮಹಲ್ ಕಾವಲು ಇತ್ತು. ಮೈಸೂರು ಅರಸರ ಕಾಲದಿಂದ ದನ ಮೇಯಲು ಬಿಟ್ಟ ಜಾಗ. ಸಾವಿರಾರು ಎಕರೆ ಹುಲ್ಲು. ಅದರಲ್ಲಿ ದೊಡ್ಡ ಭಾಗ ವಿಜ್ಞಾನ, ರಕ್ಷಣಾ ಸಂಸ್ಥೆಗಳಿಗೆ ಹೋಯಿತು. ಈಗ ಬೇಲಿ. ಕುರಿ ಮೇಯಿಸುವವರಿಗೂ ಜಾಗ ಇಲ್ಲ, ತೋಳಕ್ಕೂ ಇಲ್ಲ.

ಹೊಸಪೇಟೆ_ಹೈದ
ದೇಶಕ್ಕೆ ಸಂಸ್ಥೆಗಳೂ ಬೇಕಲ್ವಾ? ಎಲ್ಲದಕ್ಕೂ ವಿರೋಧ ಯಾಕೆ?

ಕಾವಲುಹಳ್ಳಿ
ಬೇಡ ಎಂದವರ್ಯಾರು? ಖಾಲಿ ಜಾಗ ಎಂದು ಕೊಟ್ಟರಲ್ಲ, ಅದಕ್ಕೆ ಬೇಜಾರು. ಅದು ಖಾಲಿ ಇರಲಿಲ್ಲ. ಹೆಬ್ಬಕ ಎಂಬ ದೊಡ್ಡ ಹಕ್ಕಿ ಇತ್ತು, ಕೃಷ್ಣಮೃಗ ಇತ್ತು, ನಾವಿದ್ದೆವು.

ಮಲ್ಲಿಗೆಮೊಗ್ಗು
ಅಣ್ಣಂದಿರೇ, ಚಿತ್ರದ ಮಾತಿಗೆ ಬನ್ನಿ.

ಸಿಂಹದಮರಿ_99
ನನ್ನ ಸಲಹೆ. ಗಂಡು ತೋಳವನ್ನು ಎತ್ತರದ ಬಂಡೆ ಮೇಲೆ ನಿಲ್ಲಿಸಿ. ಅದು ಆಲ್ಫಾ, ಗುಂಪಿನ ರಾಜ. ಕೆಳಗೆ ಉಳಿದವು ತಲೆ ತಗ್ಗಿಸಿರಲಿ. ಆಗ ಚಿತ್ರಕ್ಕೆ ಪವರ್ ಬರುತ್ತೆ.

ಮಿನೆಸೋಟ_ಕನ್ನಡಿಗ
ಸಿಂಹದಮರಿ ಅವರೇ, ಆ ಆಲ್ಫಾ ಕಥೆ ಯಾವತ್ತೋ ಬಿದ್ದುಹೋಗಿದೆ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎನ್ನುವವರು ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳನ್ನು ನೋಡಿ ಬರೆದದ್ದು ಅದು. ಒಂದೇ ಆವರಣದಲ್ಲಿ ಕೂಡಿಹಾಕಿದ ತೋಳಗಳು ಕಚ್ಚಾಡಿದವು, ಮೇಲು-ಕೀಳು ಮಾಡಿಕೊಂಡವು. ಕಾಡಿನಲ್ಲಿ ಹಾಗಿಲ್ಲ. ಅಮೆರಿಕದ ತೋಳ ವಿಜ್ಞಾನಿ ಡೇವಿಡ್ ಮೆಕ್ ಮೊದಲು ಈ ಆಲ್ಫಾ ಮಾತನ್ನು ಜನಪ್ರಿಯ ಮಾಡಿದವರು. ಆಮೇಲೆ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ವರ್ಷಗಟ್ಟಲೆ ಕಾಡು ತೋಳಗಳ ಜೊತೆ ಇದ್ದು, 1999ರಲ್ಲಿ ಅವರೇ ಬೇರೆ ಬರೆದರು. ಗುಂಪು ಎಂದರೆ ಅಪ್ಪ, ಅಮ್ಮ, ಮಕ್ಕಳು. ದೊಡ್ಡ ಮಕ್ಕಳು ಚಿಕ್ಕವನ್ನು ನೋಡಿಕೊಳ್ಳುತ್ತವೆ. ಅಷ್ಟೇ ಅದರ ರಾಜಕೀಯ.

ಹಾಗಾಗಿ ಗೆರೆಬಣ್ಣ ಅವರ "ಕುಟುಂಬ" ಸರಿಯಾದ ವಿಷಯ. ರಾಜನನ್ನು ಬಿಡಿಸಿದರೆ ಕುಟುಂಬ ಹೋಗಿಬಿಡುತ್ತದೆ.

ನಾನಿರುವ ರಾಜ್ಯದಲ್ಲಿ ತೋಳ ಜಾಸ್ತಿ. ದೊಡ್ಡ ಗಂಡು 40 ಕಿಲೋ ತೂಗುತ್ತದೆ. ಚಳಿಗಾಲದ ಕೂದಲಿನಲ್ಲಿ ಇನ್ನೂ ದೊಡ್ಡದಾಗಿ ಕಾಣುತ್ತದೆ. ನಮ್ಮೂರಿನ ತೋಳ ಅದರ ಅರ್ಧ ಎಂದರೂ ಆಗುತ್ತದೆ, 20 ಕಿಲೋ ಆಸುಪಾಸು. ಬಿಸಿಲಿನ ನಾಡಿಗೆ ತಕ್ಕ ಮೈ ಅದು. ಶಾಲೆಯವರಿಗೆ ಹೀಗೇ ಹೇಳಿ: ಬಡಕಲಲ್ಲ, ಸೆಕೆಯಲ್ಲಿ ಮೈಲಿಗಟ್ಟಲೆ ಓಡಲು ಹೀಗಿದೆ ಅಂತ.

ಸಿಂಹದಮರಿ_99
ಹಾಗಾದ್ರೆ ವಾಟ್ಸಾಪ್‌ನಲ್ಲಿ ಬರುತ್ತಲ್ಲಾ, ಹಿಮದಲ್ಲಿ ಸಾಲಾಗಿ ಹೋಗುವ ತೋಳಗಳು? ಮುಂದೆ ಮೂರು ಮುದಿ ತೋಳ, ಕೊನೆಯಲ್ಲಿ ನಾಯಕ ಎಂದು ಬರೆದಿರುತ್ತಾರೆ. ಅದೂ ಸುಳ್ಳಾ?

ಮಿನೆಸೋಟ_ಕನ್ನಡಿಗ
ಫೋಟೊ ನಿಜ, ಕೆಳಗಿನ ಬರಹ ಸುಳ್ಳು. ಕೆನಡಾದ ವುಡ್ ಬಫಲೋ ರಾಷ್ಟ್ರೀಯ ಉದ್ಯಾನದಲ್ಲಿ ಚಾಡೆನ್ ಹಂಟರ್ ತೆಗೆದದ್ದು. ಕಾಡೆಮ್ಮೆ ಬೇಟೆಗೆ ಹೊರಟ 25 ತೋಳಗಳ ಗುಂಪು. ಮುಂದೆ ಹಿಮ ತುಳಿದು ದಾರಿ ಮಾಡುತ್ತಿರುವುದು ಗುಂಪಿನ ಹಿರಿಯ ಹೆಣ್ಣು. ಹಿಂದಿನವು ಅದರ ಹೆಜ್ಜೆ ಮೇಲೇ ಹೆಜ್ಜೆ ಇಡುತ್ತವೆ, ಶಕ್ತಿ ಉಳಿಯಲಿ ಎಂದು. ಆ ಬರಹ ಯಾರೋ ಸುಮ್ನೆ ಕಟ್ಟಿದ್ದು. ನಾಯಕತ್ವದ ಭಾಷಣಗಳಲ್ಲೂ ಬಂದುಬಿಟ್ಟಿದೆ.

ಸಿಂಹದಮರಿ_99
ನಮ್ಮ ಆಫೀಸ್ ಟ್ರೈನಿಂಗ್‌ನಲ್ಲೂ ತೋರಿಸಿದ್ದರು. ನಾಳೆನೇ ಗ್ರೂಪಿಗೆ ಇದನ್ನ ಹಾಕ್ತೀನಿ. ಆದರೂ ಬಂಡೆ ಮೇಲೆ ನಿಂತ ತೋಳ ಚೆನ್ನಾಗಿರುತ್ತೆ ಅಂತ ನನ್ನ ಅಭಿಪ್ರಾಯ.

ಹುಲ್ಲುಗಾವಲು
ನಿಲ್ಲಲಿ. ಎತ್ತರದಿಂದ ಸುತ್ತ ನೋಡುವುದು ತೋಳ ಮಾಡುವ ಕೆಲಸವೇ. ರಾಜ ಎಂದು ನಿಲ್ಲಿಸುವುದು ಬೇಡ, ಕಾವಲು ಎಂದು ನಿಲ್ಲಿಸಿ. ಅದೂ ಹೆಣ್ಣಾದರೂ ಸರಿ, ಹಿಂದಿನ ವರ್ಷದ ಅಕ್ಕ ಆದರೂ ಸರಿ.

ಎರಡುಮಕ್ಕಳತಾಯಿ
ನನಗೆ ಈ ಮಾತುಕತೆ ಓದಿ ಸಂಕಟ ಆಗುತ್ತಿದೆ. 2024ರಲ್ಲಿ ಉತ್ತರ ಪ್ರದೇಶದ ಬಹ್ರೈಚ್‌ನಲ್ಲಿ ತೋಳಗಳು ಮಕ್ಕಳನ್ನು ಹೊತ್ತೊಯ್ದವು. ಅಂಗಳದಲ್ಲಿ ಮಲಗಿದ್ದ ಮಕ್ಕಳು. ಆ ತಾಯಂದಿರ ಮುಂದೆ ನೀವು ಮುದ್ದಾದ ತೋಳದ ಕುಟುಂಬ ಎಂದು ಚಿತ್ರ ಇಡುತ್ತೀರಾ? ಶಾಲೆ ಗೋಡೆ ಮೇಲೆ ನೋಡಿದ ಮಗು ನಾಳೆ ತೋಳ ಕಂಡರೆ ಹತ್ತಿರ ಹೋಗುವುದಿಲ್ಲವೇ?

ಹುಲ್ಲುಗಾವಲು
ಅಕ್ಕ, ನಿಮ್ಮ ಭಯ ಸುಳ್ಳಲ್ಲ. ಬಹ್ರೈಚ್‌ನಲ್ಲಿ ನಡೆದದ್ದು ನಿಜ, ಅದನ್ನು ಮುಚ್ಚಿಡುವುದೂ ಬೇಡ. ಆದರೆ ಎಲ್ಲ ತೋಳವೂ ಹಾಗಲ್ಲ. ಕುರಿಗಾರರು ತೋಳ ಇರುವ ಬಯಲಿನಲ್ಲೇ ರಾತ್ರಿ ಮಲಗುತ್ತಾರೆ, ತಲೆಮಾರುಗಳಿಂದ. ಸಾಮಾನ್ಯವಾಗಿ ಮನುಷ್ಯ ಕಂಡರೆ ತೋಳವೇ ದೂರ ಸರಿಯುತ್ತದೆ. ರೇಬಿಸ್ ತಗುಲಿದ್ದಾದರೆ ಇನ್ನೂ ಅಪಾಯ, ಅದು ನಾಯಿಯಾದರೂ ಅಷ್ಟೇ.

ನೀವು ಹೇಳಿದ್ದರಲ್ಲಿ ಒಂದು ಮಾತು ನಾನು ಪೂರ್ತಿ ಒಪ್ಪುತ್ತೇನೆ. ಗೊಂಬೆ ಥರ ಬಿಡಿಸಬಾರದು. ನಗುವ ಬಾಯಿ, ದೊಡ್ಡ ಕಣ್ಣು ಬೇಡವೇ ಬೇಡ. ಕಾಡುಪ್ರಾಣಿ ಕಾಡುಪ್ರಾಣಿಯಾಗಿಯೇ ಇರಲಿ, ದೂರದಲ್ಲಿರಲಿ.

ಎರಡುಮಕ್ಕಳತಾಯಿ
ದೂರದಲ್ಲಿ ಬಿಡಿಸುವುದಾದರೆ ನನ್ನ ಆಕ್ಷೇಪ ಅರ್ಧ ಕಡಿಮೆ. ಉಳಿದರ್ಧ ಇದೆ. ಮಗು ಒಬ್ಬನೇ ಕಂಡಾಗ ಏನು ಮಾಡಬೇಕು ಎಂದು ಮೇಷ್ಟ್ರು ಅದೇ ಗೋಡೆ ಮುಂದೆ ನಿಂತು ಹೇಳಿಕೊಡಲಿ. ಓಡಬಾರದು, ಬೆನ್ನು ತೋರಿಸಬಾರದು, ಗುಂಪಾಗಿರಬೇಕು, ಮರಿ ಮುಟ್ಟಬಾರದು.

ಗೆರೆಬಣ್ಣ
ಅಕ್ಕ, ಇದು ಒಳ್ಳೆಯ ಮಾತು. ಹೆಡ್ ಮಾಸ್ತರಿಗೆ ಹೇಳುತ್ತೇನೆ. ಚಿತ್ರದ ಪಕ್ಕ ಬರೆಯಲೂ ಜಾಗ ಬಿಡುತ್ತೇನೆ.

ಹಟ್ಟಿಹುಡುಗ
ನಾನು ಕುರಿ ಕಾಯುವ ಮನೆಯವನು. ಈಗ ಕೆಲಸಕ್ಕೆ ಊರು ಬಿಟ್ಟಿದ್ದೇನೆ, ಅಪ್ಪ ಮತ್ತು ದೊಡ್ಡಪ್ಪ ಇನ್ನೂ ಹಟ್ಟಿ ಹಾಕುತ್ತಾರೆ. ಇಲ್ಲಿ ಎಲ್ಲರೂ ತೋಳದ ಕಾಲು, ಬಾಲ, ಕಣ್ಣು ಎಂದು ಬರೆಯುತ್ತಿದ್ದೀರಿ. ಓದಲು ಚಂದ ಇದೆ. ಆದರೆ ಚಿತ್ರದಲ್ಲಿ ಕುರಿಗಾರ ಎಲ್ಲಿ?

ನಮ್ಮ ಕಡೆ ತೋಳ ಅಂದರೆ ಕುರಿ, ಕುರಿ ಅಂದರೆ ತೋಳ. ಸಂಜೆ ದಡ್ಡಿ ಹಾಕುವಾಗ, ಹುಲ್ಲು ಎತ್ತರ ಇದ್ದರೆ ಅಪ್ಪ ಜಾಗವನ್ನೇ ಬದಲಿಸುತ್ತಾರೆ. ಬಲೆ ಕಟ್ಟಿ, ಮರಿಗಳನ್ನು ನಡುವೆ ಬಿಟ್ಟು, ನಾಯಿಗಳನ್ನು ಗಾಳಿ ಬರುವ ಕಡೆ ಬಿಡುತ್ತಾರೆ. ತೋಳ ಗಾಳಿಗೆ ಎದುರು ಬರುತ್ತದೆ ಎಂದು ದೊಡ್ಡಪ್ಪನ ಮಾತು, ಹಾಗಾಗಿ ಅವರು ಇನ್ನೊಂದು ಕಡೆ ಕಂಬಳಿ ಹೊದ್ದು ಕೂರುತ್ತಾರೆ. ಕುರಿ ಬೆದರಿ ಒಟ್ಟಿಗೆ ಎದ್ದರೆ ತೋಳ ಬಂತು ಎಂದೇ ಅರ್ಥ. ಒಂದು ಕುರಿ ಹೋದರೆ ಸಾವಿರಾರು ರೂಪಾಯಿ ನಷ್ಟ. ಪರಿಹಾರ ಉಂಟು, ಆದರೆ ಪಂಚನಾಮೆ ಆಗುವ ತನಕ ಹಟ್ಟಿ ಅಲ್ಲೇ ಕಾಯಲು ಆಗುವುದಿಲ್ಲ. ಮೇವು ಮುಗಿದರೆ ಮುಂದೆ ಹೋಗಲೇಬೇಕು.

ಹಿಂದೆ ಬಿಲಕ್ಕೆ ಹೊಗೆ ಹಾಕಿ ಮರಿ ಕೊಂದವರೂ ನಮ್ಮವರಲ್ಲಿದ್ದರು. ಅದನ್ನು ನಾನು ಮುಚ್ಚಿಡುವುದಿಲ್ಲ. "ಅದಕ್ಕೂ ಒಂದು ಪಾಲು ಇದೆ, ತಿನ್ನಲಿ" ಎಂದು ಬಿಟ್ಟವರೂ ನಮ್ಮವರೇ. ನಮ್ಮ ಅಜ್ಜಿ ತೋಳದ ಬಿಲದ ಕಡೆ ಕುರಿ ಬಿಡಲು ಕೊಡುತ್ತಿರಲಿಲ್ಲ. ಬಾಣಂತಿ ಇದ್ದಾಳೆ, ತಂಟೆ ಬೇಡ ಎನ್ನುತ್ತಿದ್ದಳು.

ನೀವು ಮನುಷ್ಯರಿಲ್ಲದ ಕಾಡು ಬಿಡಿಸಿದರೆ ಅದು ನಮ್ಮೂರು ಆಗುವುದಿಲ್ಲ. ದೂರದಲ್ಲಿ ಒಂದು ಹಟ್ಟಿ, ಒಬ್ಬ ಕುರಿಗಾರ ಇರಲಿ. ನಮ್ಮ ಮಕ್ಕಳೇ ಆ ಶಾಲೆಯಲ್ಲಿ ಓದುವುದು.

ಕುಂಚದಮ್ಮ
ಹಟ್ಟಿಹುಡುಗ ಅವರ ಮಾತು ಓದಿದ ಮೇಲೆ ನನಗೆ ಚಿತ್ರ ಕಣ್ಣ ಮುಂದೆ ಬಂತು. ಗೆರೆಬಣ್ಣ ಅವರೇ, ಎಡಗಡೆ ಹತ್ತಿರದಲ್ಲಿ ಬಂಡೆ, ಗವಿ ಬಾಯಿ, ತೋಳಗಳು. ಬಲಗಡೆ ಬಹಳ ದೂರ, ಅಂಗೈ ಅಗಲದಲ್ಲಿ ಕುರಿ ಹಿಂಡು ಮತ್ತು ಕಂಬಳಿ ಹೊದ್ದವನು. ನಡುವೆ ಬರೀ ಹುಲ್ಲು ಮತ್ತು ಆಕಾಶ. ಹತ್ತು ಹನ್ನೆರಡು ಅಡಿ ಖಾಲಿ ಬಿಡಿ. ಆ ಖಾಲಿ ಜಾಗವೇ ಚಿತ್ರದ ಜೀವ. ತುಂಬಿಸಲು ಹೋಗಬೇಡಿ, ಯಾರು ಹೇಳಿದರೂ.

ಹೊಸಪೇಟೆ_ಹೈದ
ಕುರಿ, ಕುರಿಗಾರ ಬಂದರೆ ಊರಿನವರು ಖಂಡಿತ ಒಪ್ಪುತ್ತಾರೆ. ಈಗ ನಾನೂ ನಿಮ್ಮ ಕಡೆ. ಚಂದ್ರ ಮಾತ್ರ ಇರಲಿ ಬಿಡಿ.

ಮಿನೆಸೋಟ_ಕನ್ನಡಿಗ
ಚಂದ್ರ ಇರಲಿ, ಬೇಕಾದರೆ. ಚಂದ್ರನನ್ನು ನೋಡಿ ಊಳಿಡುತ್ತದೆ ಎಂಬುದು ಮಾತ್ರ ಕಥೆ. ಊಳಿಡುವುದು ದೂರ ಇರುವ ತಮ್ಮವರಿಗೆ, ಪಕ್ಕದ ಗುಂಪಿಗೆ. ಹುಣ್ಣಿಮೆಗೂ ಅದಕ್ಕೂ ಸಂಬಂಧ ಇಲ್ಲ.

ಹುಲ್ಲುಗಾವಲು
ನನ್ನನ್ನು ಕೇಳಿದರೆ ಬೆಳಗಿನ ಜಾವ ಬಿಡಿಸಿ. ರಾತ್ರಿ ಬೇಟೆ ಮುಗಿಸಿ ದೊಡ್ಡವು ವಾಪಸ್ ಬರುವ ಹೊತ್ತು. ಅಪ್ಪ ಬಂದ ಕೂಡಲೇ ಮರಿಗಳು ಓಡಿ ಹೋಗಿ ಅದರ ಬಾಯಿ ಅಂಚನ್ನು ನೆಕ್ಕುತ್ತವೆ, ಮೂತಿಯಿಂದ ತಿವಿಯುತ್ತವೆ. ಆಗ ಅದು ಹೊಟ್ಟೆಯಲ್ಲಿ ತಂದ ಮಾಂಸ ಕಕ್ಕುತ್ತದೆ. ಮರಿಗಳ ಊಟ ಅದು. ಬಂದವನ ಮುಖಕ್ಕೆ ಮುಗಿಬಿದ್ದ ಮರಿಗಳು, ಹಿಂದೆ ಎದ್ದು ಮೈ ಮುರಿಯುತ್ತಿರುವ ತಾಯಿ. ಕುಟುಂಬ ಎಂದು ಬೇರೆ ಹೇಳಬೇಕಾಗಿಲ್ಲ.

ಋತು ನೋಡಿಕೊಳ್ಳಿ. ನಮ್ಮ ತೋಳ ಮರಿ ಹಾಕುವುದು ಹೆಚ್ಚಾಗಿ ಚಳಿಗಾಲದ ಸುಮಾರಿಗೆ. 2024ರ ಕೊನೆಯಲ್ಲಿ ಬಂಕಾಪುರದಲ್ಲಿ ಎಂಟು ಮರಿ ಹುಟ್ಟಿದ ಸುದ್ದಿ ಬಂದದ್ದು ನೆನಪಿರಬಹುದು. ಆಗ ಹುಲ್ಲು ಒಣಗಿ ಹೊಂಬಣ್ಣ ಆಗಿರುತ್ತದೆ. ಮರಿ ಇದ್ದರೆ ಹಸಿರು ಹುಲ್ಲು ಬೇಡ. ಗಿಡದಲ್ಲಿ ತಂಗಡಿ, ಕಾರೆ, ಕಳ್ಳಿ ಹಾಕಿ. ಬಳ್ಳಾರಿ ಜಾಲಿ ಹಾಕಬೇಡಿ. ಅದು ಹೊರಗಿನಿಂದ ಬಂದು ಇದೇ ಬಯಲನ್ನು ನುಂಗುತ್ತಿರುವ ಗಿಡ.

ಮಲ್ಲಿಗೆಮೊಗ್ಗು
ಎಂಟೂ ಮರಿ ಬಿಡಿಸಿ ಪ್ಲೀಸ್!

ಹುಲ್ಲುಗಾವಲು
ನಾಲ್ಕೈದು ಸಾಕು. ಹುಟ್ಟಿದವೆಲ್ಲ ಉಳಿಯುವುದಿಲ್ಲ. ಬೀದಿ ನಾಯಿಗಳಿಂದ ಡಿಸ್ಟೆಂಪರ್ ರೋಗ ಬರುತ್ತದೆ. ನಾಯಿ ಜೊತೆ ಕೂಡುವುದೂ ಒಂದು ದೊಡ್ಡ ಚಿಂತೆ. ಪುಣೆ ಹತ್ತಿರ ತೋಳ-ನಾಯಿ ಮಿಶ್ರತಳಿ ಇರುವುದು ವಂಶವಾಹಿ ಪರೀಕ್ಷೆಯಲ್ಲೇ ಖಚಿತ ಆಗಿದೆ. ಇಡೀ ದೇಶದಲ್ಲಿ ಉಳಿದಿರುವ ತೋಳ ಸುಮಾರು 3,000. ಹುಲಿಗಿಂತ ಕಡಿಮೆ ಎಂದೇ ಹೇಳಬೇಕು.

ಸಿಂಹದಮರಿ_99
ಏನು, ಹುಲಿಗಿಂತ ಕಡಿಮೆನಾ? ಇದು ಯಾಕೆ ಯಾರೂ ಹೇಳಲ್ಲ?

ಕಾವಲುಹಳ್ಳಿ
ಹುಲಿಗೆ ಮರ ಇದೆ, ಸಫಾರಿ ಇದೆ. ತೋಳಕ್ಕೆ ಇರುವುದು ಪಾಳುಭೂಮಿ. ಹುಲಿಯ ಹಾಗೆ ತೋಳವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲೇ ಇದೆ, ಆದರೆ ಅದರ ಜಾಗ ಯಾವ ಪಟ್ಟಿಯಲ್ಲೂ ಇಲ್ಲ.

ಕುಂಚದಮ್ಮ
ಮರಿಗಳ ಬಗ್ಗೆ ಒಂದು ಮಾತು. ದೊಡ್ಡದನ್ನು ಚಿಕ್ಕದು ಮಾಡಿದರೆ ಮರಿ ಆಗುವುದಿಲ್ಲ. ತೋಳದ ಮರಿ ಕಡು ಕಂದು, ಮಸಿ ಹಿಡಿದ ಹಾಗೆ. ಮೂತಿ ಮೊಂಡು, ತಲೆ ದೊಡ್ಡದು, ಕಾಲು ಗಿಡ್ಡ. ತೀರಾ ಎಳೆಯದಾದರೆ ಕಿವಿ ಬಿದ್ದಿರುತ್ತದೆ, ಕಣ್ಣು ನೀಲಿ. ಬಂಡೆ ನೆರಳಲ್ಲಿ ಆ ಕಂದು ಮುಳುಗಿಹೋಗದ ಹಾಗೆ ಹಿಂದೆ ಒಣ ಹುಲ್ಲಿನ ತಿಳಿ ಬಣ್ಣ ಇಡಿ.

ಸುಣ್ಣಬಣ್ಣ
ನಾನು ಪೇಂಟಿಂಗ್ ಕಾಂಟ್ರಾಕ್ಟ್ ಮಾಡುವವನು. ತೋಳದ ಬಗ್ಗೆ ಗೊತ್ತಿಲ್ಲ, ಗೋಡೆ ಬಗ್ಗೆ ಗೊತ್ತು. ಹಳೆ ಸುಣ್ಣದ ಮೇಲೆ ನೇರ ಬರೆದರೆ ಹಪ್ಪಳದ ಹಾಗೆ ಎದ್ದು ಬರುತ್ತದೆ. ಪೂರ್ತಿ ಕೆರೆದು, ತೊಳೆದು, ಒಣಗಿಸಿ, ಹೊರಗೋಡೆಯ ಪ್ರೈಮರ್ ಹೊಡೆಸಿ. ಟ್ಯೂಬಿನ ಬಣ್ಣಕ್ಕೆ ದುಡ್ಡು ಸುರಿಯಬೇಡಿ. ಎಕ್ಸ್‌ಟೀರಿಯರ್ ಎಮಲ್ಷನ್ ಬಿಳಿ ತಂದು ಸ್ಟೇನರ್ ಬೆರೆಸಿ. ಮುಖ, ಕಣ್ಣಿಗೆ ಮಾತ್ರ ಟ್ಯೂಬ್ ಬಳಸಿ.

ನೀವು ಹೇಳುತ್ತಿರುವ ಬಣ್ಣಗಳಲ್ಲಿ ಒಂದು ಲಾಭ ಇದೆ. ಯೆಲ್ಲೋ ಆಕ್ಸೈಡ್, ರೆಡ್ ಆಕ್ಸೈಡ್, ಅಂಬರ್ ಎಲ್ಲ ಕಬ್ಬಿಣದ ಮಣ್ಣಿನ ಬಣ್ಣ. ಬಿಸಿಲಿಗೆ ಸುಲಭಕ್ಕೆ ಮಾಸುವುದಿಲ್ಲ. ಹೊಳೆಯುವ ಗುಲಾಬಿ, ನಿಂಬೆ ಹಳದಿ ಆದರೆ ಬೇಗ ಬಿಳಚಿಕೊಳ್ಳುತ್ತವೆ. ಗೋಡೆ ಯಾವ ದಿಕ್ಕಿಗಿದೆ?

ಗೆರೆಬಣ್ಣ
ಪಶ್ಚಿಮಕ್ಕೆ, ಸರ್. ಮಧ್ಯಾಹ್ನದಿಂದ ಪೂರ್ತಿ ಬಿಸಿಲು. ಬುಡದಲ್ಲಿ ಒಂದಡಿ ತೇವ ಇದೆ.

ಎಲ್ಲರ ಮಾತನ್ನೂ ಬರೆದುಕೊಂಡಿದ್ದೇನೆ. ಬೆಳಗಿನ ಜಾವ, ಎಡಕ್ಕೆ ಗವಿ, ಬಲಕ್ಕೆ ದೂರದಲ್ಲಿ ಹಟ್ಟಿ. ಸಣ್ಣ ಅಳತೆಯಲ್ಲಿ ಕರಡು ಬಿಡಿಸಿ ಶಾಲೆಯವರ ಮುಂದೆ ಇಡುತ್ತೇನೆ. ಮೊದಲು ಕುರಿಗಾರರ ಮನೆಯವರಿಗೇ ತೋರಿಸುತ್ತೇನೆ, ಅವರು ಒಪ್ಪಿದರೆ ಕಮಿಟಿಯೂ ಒಪ್ಪುತ್ತದೆ.

ಸುಣ್ಣಬಣ್ಣ
ತೇವ ಇದ್ದರೆ ಬುಡದ ಒಂದೂವರೆ ಅಡಿ ಚಿತ್ರಕ್ಕೆ ಸೇರಿಸಬೇಡಿ. ಕೆಮ್ಮಣ್ಣಿನ ಬಣ್ಣದ ಪಟ್ಟಿ ಬಿಡಿ. ಉದುರಿದರೆ ವರ್ಷಕ್ಕೊಮ್ಮೆ ಯಾರಾದರೂ ಬಳಿಯಬಹುದು, ಚಿತ್ರಕ್ಕೆ ಏನೂ ಆಗುವುದಿಲ್ಲ. ಚೌಕ ಹಾಕಲು ದಾರಕ್ಕೆ ಬಣ್ಣದ ಪುಡಿ ಹಚ್ಚಿ ಎಳೆದು ಹೊಡೆಯಿರಿ, ಸ್ಕೇಲ್ ಇಟ್ಟುಕೊಂಡು ಕೂರಬೇಡಿ.

ಹಟ್ಟಿಹುಡುಗ
ಅಣ್ಣ, ಕುರಿ ಬಿಡಿಸುವಾಗ ಪುಸ್ತಕದಲ್ಲಿರುವ ಹಾಗೆ ಹತ್ತಿಯಂಥ ಬಿಳಿ ಕುರಿ ಬೇಡ. ಈ ಕಡೆ ಕೆಂಗುರಿ ಜಾಸ್ತಿ, ಕೊಬ್ಬರಿ ಸಿಪ್ಪೆಯ ಕಂದು. ನಡುವೆ ಒಂದೆರಡು ಬಳ್ಳಾರಿ ಕುರಿ ಇರಲಿ, ಕಪ್ಪು-ಬಿಳಿ. ನಾಯಿ ಮರೆಯಬೇಡಿ. ಕರಡು ಆದಾಗ ಇಲ್ಲಿ ಹಾಕಿ, ಅಪ್ಪನಿಗೆ ಫೋನಿನಲ್ಲಿ ತೋರಿಸಿ ಹೇಳುತ್ತೇನೆ. ಹಟ್ಟಿ ಎಲ್ಲಿ ಹಾಕಬೇಕು ಎಂದು ಅವರೇ ಹೇಳಲಿ. ಗವಿ ಬಾಯಿಗೆ ಎದುರು ಅವರು ಯಾವತ್ತೂ ಹಾಕುವುದಿಲ್ಲ.